ಚಿಕ್ಕಬೆಟ್ಟದ ನಿಸಿಧಿಗಳಲ್ಲಿ ಒಂದು ದಂಡನಾಯಕ ಮನೆತನ

ಹೊಳೆಆಲೂರು, ರೋಣ, ನರಗುಂದಗಳ ಸೀಮೆಯಲ್ಲಿ ಬೆಳೆದವರಿಗೆ ವೀರಗಲ್ಲು ಅಪರಿಚಿತವಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರ ಮೆರವಣಿಗೆ, ಮೇಲೆ ದೇವಸಾನ್ನಿಧ್ಯ. ಸತ್ತವನು ಯಾರು, ಯಾರಿಗಾಗಿ ಸತ್ತ ಎಂಬುದನ್ನು ಅದು ಹೇಳಿ ಮುಗಿಸುತ್ತದೆ. ಆದರೆ ಅವನ ತಂದೆ ಯಾರ ಸೇವೆಯಲ್ಲಿದ್ದ, ಮಗ ಏನಾದ ಎಂದು ಕೇಳಿದರೆ ಸಾಮಾನ್ಯವಾಗಿ ಉತ್ತರ ದೊರೆಯದು. ಒಂದು ಮನೆತನದ ಸೈನಿಕ ಸೇವೆಯನ್ನು ತಲೆಮಾರುಗಳ ಉದ್ದಕ್ಕೂ ಸ್ಮಾರಕಶಿಲೆಗಳಿಂದಲೇ ಹಿಂಬಾಲಿಸಬೇಕೆಂದರೆ ಬೇರೊಂದು ಬಗೆಯ ಕಲ್ಲಿನ ಬಳಿಗೆ, ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಹೋಗಬೇಕು.

ಅಲ್ಲಿಯ ನಿಸಿಧಿಗಳು ಹೂಳಿದ ಗೋರಿಗಳಲ್ಲ. ಸಲ್ಲೇಖನದಿಂದ ದೇಹವಿಟ್ಟವರ ನೆನಪಿಗೆ ನಿಂತ ಬರಹಗಳು. 1889ರಲ್ಲಿ ಲೂಯಿಸ್ ರೈಸ್ ಅವರು ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು, 1923ರಲ್ಲಿ ಆರ್. ನರಸಿಂಹಾಚಾರ್ಯರು ಆ ಸಂಪುಟವನ್ನು ಪರಿಷ್ಕರಿಸಿದಾಗ ಸಂಖ್ಯೆ 500ಕ್ಕೆ ಏರಿತು. ಈ ರಾಶಿಯಲ್ಲಿ ಹೊಯ್ಸಳ ವಿಷ್ಣುವರ್ಧನನ ಮಹಾದಂಡನಾಯಕ ಗಂಗರಾಜನ ಮನೆಯವರ ಕಲ್ಲುಗಳನ್ನು ಬೇರ್ಪಡಿಸಿ ಒಂದರ ಪಕ್ಕ ಒಂದನ್ನಿಟ್ಟು ಓದಿದರೆ ಒಂದು ವಿಚಿತ್ರ ಸಂಗತಿ ಗೋಚರಿಸುತ್ತದೆ. ಈ ಮನೆತನದ ಯುದ್ಧಚರಿತ್ರೆಯ ಬಹುಭಾಗ ನಮಗೆ ಉಳಿದಿರುವುದು ಯುದ್ಧಕ್ಕೆ ಹೋಗದವರ ನೆನಪಿಗೆ, ಅವರ ಧರ್ಮಕಾರ್ಯಕ್ಕೆ ಸಂಬಂಧಿಸಿದ ಬರಹಗಳಲ್ಲಿ.

ಮೊದಲು ತಾಯಿಯ ಕಲ್ಲು. ಗಂಗರಾಜನ ತಾಯಿ ಪೋಚಿಕಬ್ಬೆ ಬೆಳಗೊಳದಲ್ಲಿ ಸನ್ಯಸನ ವಿಧಿಯಿಂದ ಮುಡಿಪಿದಳು. ಕಲ್ಲು ಹೇಳುವ ವರ್ಷ ಶಕ 1043, ಎಂದರೆ ಕ್ರಿ.ಶ. 1120–21ರ ಸುಮಾರು. ಮರಣವಾರ್ತೆಗೆ ಮುನ್ನ ಅದು ವಂಶವನ್ನು ಹೇಳುತ್ತದೆ: ಕೌಂಡಿನ್ಯ ಗೋತ್ರ, ಮಾರಮಯ್ಯ ಮತ್ತು ಮಾಕಣಬ್ಬೆ ದಂಪತಿ, ಅವರ ಮಗ ಏಚ. ‘ಬುಧಮಿತ್ರ’ನೆಂಬ ಹೆಸರು ಪಡೆದ ಈ ಏಚ ನೃಪಕಾಮ ಹೊಯ್ಸಳನ ಆಶ್ರಯದಲ್ಲಿದ್ದವನು. ಹೊಯ್ಸಳರು ಇನ್ನೂ ಮಲೆನಾಡಿನ ಚಿಕ್ಕ ಒಡೆಯರಾಗಿದ್ದ ಕಾಲವದು. ಒಡೆಯನ ಮನೆಯೂ ಸೇವಕನ ಮನೆಯೂ ಜೊತೆಜೊತೆಯಾಗಿ ಬೆಳೆದುದಕ್ಕೆ ಸಾಕ್ಷಿ ಹೇಳುತ್ತಿರುವುದು ಒಬ್ಬ ಮುದುಕಿಯ ಸಾವಿನ ಬರಹವೆಂಬುದನ್ನು ಮರೆಯಬಾರದು. ಕೊನೆಯಲ್ಲಿ ಬರೆದವನು ಚಾವರಾಜ, ಕಂಡರಿಸಿದವನು ಹೊಯ್ಸಳಾಚಾರಿಯ ಮಗ ವರ್ಧಮಾನಾಚಾರಿ ಎಂದಿದೆ. ಕತ್ತಿಯಂತೆ ಉಳಿಯೂ ತಂದೆಯಿಂದ ಮಗನ ಕೈಗೆ ಬಂದಿತ್ತು!

ಗಂಗರಾಜನ ಸಾಧನೆಯ ವಿವರ ಬೇಕಾದರೆ ಅವನೇ ಕಟ್ಟಿಸಿದ ಬಸದಿಯ ಬಾಗಿಲಿಗೆ ಬರಬೇಕು. ಇಂದಿರಾಕುಲಗೃಹವೆಂಬುದು ಅದರ ಮೊದಲ ಹೆಸರು. ಬಾಗಿಲ ಬಳಿಯ 1118ರ ದೊಡ್ಡ ಬರಹದಿಂದಾಗಿ ಜನ ‘ಶಾಸನ ಬಸದಿ’ ಎಂದೇ ಕರೆಯುತ್ತಾರೆ. ಕಣ್ಣೇಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಸೈನ್ಯದ ಮೇಲೆ, ಹನ್ನೆರಡು ಸಾಮಂತರು ಅದರೊಡನಿದ್ದಾಗ, ಗಂಗರಾಜ ಇರುಳಿನಲ್ಲಿ ಎರಗಿದನು. ಅವರ ವಾಹನ, ವಸ್ತುಗಳನ್ನು ತಂದು ಒಡೆಯನಿಗೆ ಒಪ್ಪಿಸಿದನು. ಮೆಚ್ಚಿದ ರಾಜ ‘ಬೇಡು’ ಎಂದಾಗ ಅವನು ಬೇಡಿದ್ದು ಪರಮ ಎಂಬ ಗ್ರಾಮವನ್ನು, ಅದೂ ತಾಯಿ ಮತ್ತು ಹೆಂಡತಿ ಮಾಡಿಸಿದ ಬಸದಿಗಳ ಪೂಜೆಗಾಗಿ. ಅದಕ್ಕೂ ಮೊದಲು, 1116ರ ವೇಳೆಗೆ, ಚೋಳರ ಅಧಿಕಾರಿ ಅದಿಯಮನನ್ನು ಸೋಲಿಸಿ ತಲಕಾಡನ್ನು ಬಿಡಿಸಿದವನೂ ಇವನೇ. ಶಾಸನಕವಿ ಆಶ್ರಿತನಾದ್ದರಿಂದ ಹೊಗಳಿಕೆಯಲ್ಲಿ ಒಂದು ಪಾಲನ್ನು ಕಳೆದೇ ಓದಬೇಕು. ಆದರೆ ಶತ್ರುವಿನ ಹೆಸರು, ಸ್ಥಳ, ಕೊಟ್ಟ ಊರು ಇವು ಕವಿಸಮಯಗಳಲ್ಲ.

ಯಾವ ಹೆಂಡತಿಯ ಬಸದಿಗಾಗಿ ಗಂಗರಾಜ ಊರನ್ನು ಬೇಡಿದನೋ ಆ ಲಕ್ಷ್ಮಿಯೂ (ಲಕ್ಕಲೆ ಎಂದೂ ಹೆಸರು) ಹೆಚ್ಚು ಕಾಲ ಉಳಿಯಲಿಲ್ಲ. ಅಕ್ಕ ದೇಮತಿ 1120ರಲ್ಲಿ, ಅತ್ತೆ ಪೋಚಿಕಬ್ಬೆ ಅದೇ ಸುಮಾರಿನಲ್ಲಿ, 1121ರಲ್ಲಿ ಸ್ವತಃ ಲಕ್ಷ್ಮಿ. ಮೂವರೂ ಸಮಾಧಿಮರಣವನ್ನೇ ಆರಿಸಿಕೊಂಡವರು. ಹೆಂಡತಿಯ ನಿಸಿಧಿಯನ್ನು ಗಂಗರಾಜನೇ ನಿಲ್ಲಿಸಿದನು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ಚತುರ್ವಿಧ ದಾನದಲ್ಲಿ ಅವಳಿಗೆ ಸಮಾನರಿಲ್ಲವೆಂಬುದು ಕಲ್ಲಿನ ಮಾತು. ಗಂಡನ ರಾಜನೀತಿಗೂ ರಣವಿಜಯಕ್ಕೂ ಜೊತೆಗಾತಿಯೆಂಬ ಕೀರ್ತಿಯೂ ಅವಳಿಗೆ ಶಾಸನಗಳಲ್ಲಿ ಸಂದಿದೆ. ಇದನ್ನು ಬರಿಯ ಅಲಂಕಾರವೆಂದು ತಳ್ಳಿಹಾಕುವವರಿದ್ದಾರೆ, ನನಗೆ ಹಾಗೆನ್ನಿಸುವುದಿಲ್ಲ. ದಂಡು ಹೋದಾಗ ಮನೆ, ಮಠ, ದಾನಶಾಲೆಗಳನ್ನು ನಡೆಸಿದವರು ಯಾರು?

ಮುಂದಿನ ತಲೆಮಾರಿನಲ್ಲಿ ಎಚ್ಚರ ಬೇಕು, ಏಕೆಂದರೆ ಹೆಸರುಗಳು ಮರಳಿ ಬರುತ್ತವೆ. ಅಜ್ಜನೂ ಏಚ; ಗಂಗರಾಜನ ಅಣ್ಣ ಬಮ್ಮ ಮತ್ತು ಬಾಗಣಬ್ಬೆಯರ ಮಗನೂ ಏಚ. ಚಾವುಂಡರಾಯ ಬಸದಿಯ ನೇಮಿನಾಥ ಬಿಂಬದ ಪೀಠದಲ್ಲಿ ಗಂಗರಾಜನ ಮಗ ಏಚಣನೆಂಬ ಮತ್ತೊಂದು ಹೆಸರಿದೆ. ಅವನು ಕಟ್ಟಿಸಿದ್ದು ತ್ರೈಲೋಕ್ಯರಂಜನವೆಂಬ ಬೇರೆಯೇ ಚೈತ್ಯಾಲಯ. ಪೀಠ ಮಾತ್ರ ಈಗ ಇಲ್ಲಿದೆ. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಬಮ್ಮನ ಮಗ ಏಚ ದಂಡನಾಯಕನಾಗಿದ್ದು, ಕೊಪಣದಲ್ಲಿಯೂ (ಇಂದಿನ ಕೊಪ್ಪಳ) ಬೆಳಗೊಳದಲ್ಲಿಯೂ ಜಿನಾಲಯಗಳನ್ನು ಎತ್ತಿಸಿ, 1135ರಲ್ಲಿ ಸನ್ಯಸನದಿಂದ ತೀರಿಕೊಂಡನು. ಕತ್ತಿ ಹಿಡಿದವನೇ ನಿಸಿಧಿಗೆ ವಸ್ತುವಾದುದು ಈ ಸಾಲಿನಲ್ಲಿ ಇಲ್ಲಿ ಕಾಣುತ್ತದೆ. ಅದನ್ನು ನಿಲ್ಲಿಸಿದವನು ಗಂಗರಾಜನ ಮಗ, ದಂಡನಾಯಕ ಬೊಪ್ಪ.

ಗಂಗರಾಜ 1133ರಲ್ಲಿ ತೀರಿಕೊಂಡಿದ್ದನು. ಅವನ ನೆನಪಿಗೆ ಬೊಪ್ಪ ಕಟ್ಟಿಸಿದ್ದು ಕಂಬವನ್ನಲ್ಲ, ದೋರಸಮುದ್ರದಲ್ಲಿ ಒಂದು ಬಸದಿಯನ್ನೇ. ತಂದೆಯ ಬಿರುದಿನಿಂದ ಅದಕ್ಕೆ ‘ದ್ರೋಹಘರಟ್ಟ ಜಿನಾಲಯ’ ಎಂದು ಹೆಸರಾಯಿತು; ದ್ರೋಹಿಗಳನ್ನು ಅರೆಯುವ ಬೀಸುಕಲ್ಲು ಎಂದರ್ಥ. ಪ್ರತಿಷ್ಠೆಯ ಪ್ರಸಾದವನ್ನು ಪುರೋಹಿತರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಲ್ಲಿಗೆ ಒಯ್ದಾಗ ಅವನಿಗೆ ಯುದ್ಧದಲ್ಲಿ ಗೆಲವೂ ಪುತ್ರೋತ್ಸವವೂ ಒಟ್ಟಿಗೆ ಒದಗಿದ್ದವು. ಸಂತೋಷದಿಂದ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯ ನರಸಿಂಹನೆಂದೂ ಹೆಸರಿಟ್ಟನು. ಸೇನಾನಿಯ ಸ್ಮಾರಕದ ದೇವರೂ ಒಡೆಯನ ಕುಮಾರನೂ ಒಂದೇ ಹೆಸರನ್ನು ಹಂಚಿಕೊಂಡ ನಿದರ್ಶನ ನಮ್ಮ ಇತಿಹಾಸದಲ್ಲಿ ಅಪರೂಪ.

ಆ ನರಸಿಂಹನ ಆಳ್ವಿಕೆಯಲ್ಲಿ, 1159ರಲ್ಲಿ, ಬೆಳಗೊಳದ ಊರೊಳಗೆ ಭಂಡಾರಿ ಬಸದಿ ಎದ್ದಿತು. ಕಟ್ಟಿಸಿದವನು ಹುಳ್ಳ. ಅವನೂ ಜೈನ, ಅವನೂ ದಂಡನಾಯಕ, ಆದರೆ ವಾಜಿವಂಶದವನು.