ಗಡ್ಡೆಯ ಗುರುತು

1994ರ ಬೇಸಿಗೆಯಲ್ಲಿ, ಹಲಸೂರಿನ ಸೋಮೇಶ್ವರ ದೇವಸ್ಥಾನದ ಬಳಿ ವಾಸವಾಗಿದ್ದ ನನ್ನ ಗೆಳೆಯರೊಬ್ಬರಿಗೆ ತಲೆನೋವು ಆರಂಭವಾಯಿತು. ಕನ್ನಡಕದ ದೋಷವಿರಬೇಕೆಂದು ಭಾವಿಸಿ ಶಿವಾಜಿನಗರಕ್ಕೆ ಹೋಗಿ ಹೊಸದನ್ನು ಮಾಡಿಸಿದೆವು. ಎರಡು ತಿಂಗಳಲ್ಲಿ ಬಲಗೈ ಸೋತಿತು. ಮಿದುಳಿನಲ್ಲಿ ಗಡ್ಡೆಯಿರುವುದು ತಿಳಿಯಿತು. ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ಪತ್ನಿ ವೈದ್ಯರನ್ನು ಕೇಳಿದ್ದು ಒಂದೇ ಪ್ರಶ್ನೆ: “ಇನ್ನೆಷ್ಟು ದಿನ, ಡಾಕ್ಟರೇ?” ಆ ಹಿರಿಯರು ಪ್ರಾಮಾಣಿಕರು. “ಸೂಕ್ಷ್ಮದರ್ಶಕದಲ್ಲಿ ಎರಡು ಗಡ್ಡೆಗಳು ಒಂದೇ ಬಗೆಯಾಗಿ ಕಾಣುತ್ತವೆ, ತಾಯಿ. ಒಬ್ಬರು ಆರು ತಿಂಗಳಲ್ಲಿ ಹೋಗುತ್ತಾರೆ, ಇನ್ನೊಬ್ಬರು ಮೂರು ವರ್ಷ ಇರುತ್ತಾರೆ. ಏಕೆಂದು ನನಗೆ ತಿಳಿಯದು” ಎಂದರು.

ಈ ‘ಏಕೆ’ ಎಂಬುದರ ಬೆನ್ನು ಹತ್ತಿದವರಲ್ಲಿ ನಮ್ಮ ನಾಡಿನವರೇ ಆದ ಡಾ. ಎಂ. ಆರ್. ಸತ್ಯನಾರಾಯಣ ರಾವ್ ಒಬ್ಬರು. 1948ರಲ್ಲಿ ಮೈಸೂರಿನಲ್ಲಿ ಜನಿಸಿದ ಅವರು 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಡಾಕ್ಟರೇಟ್ ಪಡೆದರು. ಅಮೆರಿಕದ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಸಂಶೋಧನೆ ನಡೆಸಿ, ಮರಳಿ ತಾವು ಕಲಿತ ಸಂಸ್ಥೆಯಲ್ಲಿಯೇ ಅಧ್ಯಾಪಕರಾದರು.

ಅವರು ಕ್ಯಾನ್ಸರಿನಿಂದ ಕೆಲಸ ಆರಂಭಿಸಿದವರಲ್ಲ. ನಮ್ಮ ಒಂದೊಂದು ಜೀವಕೋಶದಲ್ಲಿಯೂ ಸುಮಾರು 2 ಮೀಟರ್ ಉದ್ದದ ಡಿ.ಎನ್.ಎ. ಎಳೆ ಅಡಗಿದೆ. ಪೆಟ್ಟಿಗೆಯಲ್ಲಿ ಸೀರೆಯನ್ನು ಮಡಿಸಿಡುವಂತೆ, ಹಿಸ್ಟೋನ್ ಎಂಬ ಪ್ರೋಟೀನುಗಳು ಅದನ್ನು ಸುತ್ತಿ ಇಡುತ್ತವೆ. ಮಡಿಕೆ ಬಿಚ್ಚಿದಲ್ಲಿ ಜೀನು ಕೆಲಸ ಮಾಡುತ್ತದೆ, ಮುಚ್ಚಿದಲ್ಲಿ ಸುಮ್ಮನಿರುತ್ತದೆ. ವೀರ್ಯಾಣು ರೂಪುಗೊಳ್ಳುವಾಗ ಹಿಸ್ಟೋನುಗಳು ಜಾಗ ಬಿಟ್ಟು, ಅಲ್ಪಕಾಲ ಮಧ್ಯವರ್ತಿ ಪ್ರೋಟೀನುಗಳು ಬಂದು, ಕೊನೆಗೆ ಪ್ರೋಟಮಿನ್‌ಗಳು ನೆಲೆಸುತ್ತವೆ. ಇಲಿಗಳಲ್ಲಿ ಈ ಮಧ್ಯವರ್ತಿಗಳನ್ನು ರಾವ್ ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಇದರಿಂದ ರೋಗಿಗೆ ಏನು ಪ್ರಯೋಜನವೆಂದು ಅಂದು ಯಾರಾದರೂ ಕೇಳಿದ್ದರೆ ಉತ್ತರಿಸುವುದು ಕಷ್ಟವಾಗುತ್ತಿತ್ತು. ಆದರೆ ಕ್ಯಾನ್ಸರ್ ಕೋಶದಲ್ಲಿ ನಡೆಯುವುದೂ ಇದೇ ಬಗೆಯ ಎಡವಟ್ಟು: ತೆರೆಯಬಾರದ ಜೀನು ತೆರೆದುಕೊಳ್ಳುತ್ತದೆ, ತೆರೆದಿರಬೇಕಾದದ್ದು ಮುಚ್ಚಿಹೋಗುತ್ತದೆ.

2003ರಿಂದ 2013ರವರೆಗೆ ರಾವ್ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಧ್ಯಕ್ಷರಾಗಿದ್ದರು. ಆ ಕಾಲದಲ್ಲಿ ಅವರು, ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಮತ್ತು ಕೊಂಡಯ್ಯ, ನಿಮ್ಹಾನ್ಸ್‌ನ ವಾಣಿ ಸಂತೋಷ್ ಮೊದಲಾದವರೊಡನೆ ಸೇರಿ ಮಿದುಳಿನ ಗಡ್ಡೆಗಳನ್ನು ಪರೀಕ್ಷಿಸತೊಡಗಿದರು. ಹಲಸೂರಿನಿಂದ ಪೂರ್ವಕ್ಕೆ, ಕೃಷ್ಣರಾಜಪುರವನ್ನೂ ದಾಟಿ ಹೋದರೆ ಸಿಗುವ ವೈಟ್‌ಫೀಲ್ಡಿನ ಸತ್ಯ ಸಾಯಿ ಆಸ್ಪತ್ರೆಯ ಶಸ್ತ್ರವೈದ್ಯರೂ ಇದರಲ್ಲಿ ಕೈಜೋಡಿಸಿದರು. ಗಡ್ಡೆಯ ತುಣುಕಿನಿಂದ ಆರ್.ಎನ್.ಎ. ತೆಗೆದು, ಬಣ್ಣ ಕಟ್ಟಿ, ಸಾವಿರಾರು ಜೀನುಗಳ ಚುಕ್ಕೆಗಳಿರುವ ಗಾಜಿನ ಫಲಕದ ಮೇಲೆ ಹರಡುವುದು ಕ್ರಮ. ಹೆಚ್ಚು ಹೊಳೆದ ಚುಕ್ಕೆ ಹೆಚ್ಚು ದುಡಿಯುತ್ತಿರುವ ಜೀನನ್ನು ತೋರಿಸುತ್ತದೆ.

ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಗಡ್ಡೆಯನ್ನು ಆಗ ಎರಡು ಬಗೆಯಾಗಿ ವಿಂಗಡಿಸುತ್ತಿದ್ದರು: ನೇರವಾಗಿ ಹುಟ್ಟುವುದು ಒಂದು, ಸೌಮ್ಯ ಗಡ್ಡೆ ಬೆಳೆದು ಉಗ್ರವಾಗುವುದು ಇನ್ನೊಂದು. ಕಣ್ಣಿಗೆ ಎರಡೂ ಒಂದೇ. ನೇರವಾಗಿ ಹುಟ್ಟಿದ ಗಡ್ಡೆಯಲ್ಲಿ ಎಫ್.ಎಸ್.ಟಿ.ಎಲ್.-1 ಎಂಬ ಜೀನು ಅತಿಯಾಗಿ ದುಡಿಯುತ್ತದೆಂದು ಈ ತಂಡ 2008ರಲ್ಲಿ ಪ್ರಕಟಿಸಿತು. ಅದೇ ವರ್ಷ ಅಮೆರಿಕದ ವಿಜ್ಞಾನಿಗಳು ಐ.ಡಿ.ಎಚ್. ಎಂಬ ಜೀನಿನಲ್ಲಿನ ಮಾರ್ಪಾಡನ್ನು ಗುರುತಿಸಿದರು. ರೋಗನಿರ್ಣಯದಲ್ಲಿ ಕೊನೆಗೆ ನೆಲೆನಿಂತದ್ದು ಆ ಗುರುತೇ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಿದುಳಿನ ಗಡ್ಡೆಗಳ ವರ್ಗೀಕರಣದಲ್ಲಿ ಜೀನುಗಳ ಗುರುತನ್ನೂ ಸೇರಿಸಿತು. 2021ರಲ್ಲಿ ಆ ಮಾರ್ಪಾಡುಳ್ಳ ಗಡ್ಡೆಗೆ ಬೇರೆ ಹೆಸರೇ ಬಂತು. ಬೆಂಗಳೂರಿನ ತಂಡ ನಂಬಿ ನಡೆದ ದಾರಿ ಸರಿಯೆಂದು ಇದರಿಂದ ಖಚಿತವಾಯಿತು.

ಗುರುತು ತಿಳಿದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ. ವಿಕಿರಣದೊಡನೆ ಟೆಮೊಜೊಲೊಮೈಡ್ ಔಷಧವನ್ನು ಕೊಟ್ಟ 2005ರ ಪ್ರಸಿದ್ಧ ಪರೀಕ್ಷೆಯಲ್ಲಿಯೂ ಅರ್ಧದಷ್ಟು ರೋಗಿಗಳು 15 ತಿಂಗಳೊಳಗೆ ತೀರಿಕೊಂಡರು. 2010ರಲ್ಲಿ ಪದ್ಮಶ್ರೀ ಪಡೆದ ರಾವ್ ಅವರು 2023ರ ಆಗಸ್ಟ್ 13ರಂದು ನಿಧನರಾದರು.

ನನ್ನ ಗೆಳೆಯರು ಬದುಕಿದ್ದು ಹನ್ನೊಂದು ತಿಂಗಳು. ಅಪ್ಪ ಚೇತರಿಸಿಕೊಳ್ಳಲಿ ಎಂದು ಮನೆಯವರು ಮಗಳ ಮದುವೆಯನ್ನು ಮರುವರ್ಷಕ್ಕೆ ಮುಂದೂಡಿದ್ದರು. ದಿನಗಳು ಎಷ್ಟೆಂದು ಯಾರಾದರೂ ಸುಮಾರಾಗಿ ಹೇಳಬಲ್ಲವರಾಗಿದ್ದರೆ ಅವರು ಬದುಕುತ್ತಿರಲಿಲ್ಲ, ನಿಜ. ಆದರೆ ಧಾರೆಯೆರೆಯಲು ಆ ಮಂಟಪದಲ್ಲಿ ಅವರೇ ಇರುತ್ತಿದ್ದರು.

(ಬಾನುಲಿ ಭಾಷಣ)