ಹುತ್ತದ ಅಣಬೆ: ಬುಡ ನೋಡದೆ ಬುಟ್ಟಿಗೆ ಹಾಕಬೇಡಿ

ಆನೈಮಲೈ ತಪ್ಪಲಿನ ಊರುಗಳಿಗೆ ಮಳೆ ಎರಡು ಸಲ ಬರುತ್ತದೆ. ಜೂನ್‌ನಲ್ಲಿ ಪಾಲಕ್ಕಾಡಿನ ಕಣಿವೆ ದಾಟಿ ಬರುವ ಮುಂಗಾರು ಪೊಳ್ಳಾಚಿ, ಆಳಿಯಾರು, ವಾಲ್ಪಾರೈ ಕಡೆಯನ್ನು ನೆನೆಸುತ್ತದೆ. ಅಕ್ಟೋಬರ್‌ನಿಂದ ಸುರಿಯುವ ಹಿಂಗಾರು ಉಡುಮಲೈ ಕಡೆಯ ಒಣನೆಲಕ್ಕೂ ತಲುಪುತ್ತದೆ. ನಾಲ್ಕು ದಿನ ನೆಲ ನೆನೆದು ಒಂದು ಹೊತ್ತು ಬಿಸಿಲು ಬಿದ್ದರೆ ಸಾಕು, ತೆಂಗಿನ ತೋಪಿನಲ್ಲಿ, ಹೊಲದ ಬದುವಿನಲ್ಲಿ, ಹುತ್ತದ ಸುತ್ತ ಬಿಳಿ ಟೋಪಿಗಳು ತಲೆ ಎತ್ತುತ್ತವೆ. ಕನ್ನಡದ ಮನೆಗಳಲ್ಲಿ ಇದು ಅಣಬೆ, ಪಕ್ಕದ ಮನೆಯಲ್ಲಿ ಕಾಳಾನ್. ತಿನ್ನಬಾರದ್ದಕ್ಕೆ ನಾವು ನಾಯಿಕೊಡೆ ಎನ್ನುತ್ತೇವೆ, ಅವರು ನಾಯ್ಕುಡೈ ಎನ್ನುತ್ತಾರೆ. ನಾಯಿಯೂ ಕೊಡೆಯೂ ಎರಡು ಭಾಷೆಯಲ್ಲೂ ಒಂದೇ. ಆದರೆ ಯಾವುದು ಅಣಬೆ, ಯಾವುದು ನಾಯಿಕೊಡೆ ಎಂಬ ಗೆರೆ ಮಾತ್ರ ಮನೆಯಿಂದ ಮನೆಗೆ ಬದಲಾಗುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ.

ಈ ಬರಹ ಅಣಬೆ ಕೀಳಲು ಹೊಸದಾಗಿ ಹೊರಟವರಿಗೆ. ಐವತ್ತು ವರ್ಷದಿಂದ ಕೀಳುತ್ತಿರುವ ಅಜ್ಜಿಯರಿಗೆ ಇದರಲ್ಲಿ ಹೊಸತೇನೂ ಸಿಗಲಾರದು. ಆದರೆ ಅಜ್ಜಿ ಜೊತೆಗಿಲ್ಲದೆ ಮೊಮ್ಮಕ್ಕಳು ಮೊಬೈಲ್ ಹಿಡಿದು ಬದುವಿಗೆ ಇಳಿಯುವ ಕಾಲ ಇದು.

ವಿಷಯ ಎಷ್ಟು ಗಂಭೀರ ಎಂಬುದಕ್ಕೆ ಒಂದು ಉದಾಹರಣೆ ಸಾಕು. 2022ರ ಏಪ್ರಿಲ್‌ನಲ್ಲಿ ಮೇಲಿನ ಅಸ್ಸಾಮಿನ ಜಿಲ್ಲೆಗಳಲ್ಲಿ ಕಾಡು ಅಣಬೆ ತಿಂದು ಕೆಲವೇ ದಿನಗಳಲ್ಲಿ 13 ಮಂದಿ ಸತ್ತರು. ಹೆಚ್ಚಿನವರು ಚಹಾ ತೋಟದ ಕುಟುಂಬದವರು. ಕೂಲಿ ಮುಗಿಸಿ ಬರುವಾಗ ದಾರಿಯಲ್ಲಿ ಸಿಕ್ಕಿದ್ದನ್ನು ಸಾರು ಮಾಡಿಕೊಳ್ಳುವುದು ಅಲ್ಲಿನ ವಾಡಿಕೆ. ವಾಲ್ಪಾರೈ ಎಸ್ಟೇಟ್‌ಗಳ ಲೈನ್ ಮನೆಗಳಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಳ್ಳಿ, ಬೆಳ್ಳುಳ್ಳಿ, ಇರುವೆ

ಮೊದಲು ನಂಬಬಾರದ ಪರೀಕ್ಷೆಗಳನ್ನು ಮುಗಿಸಿಬಿಡೋಣ. ಸಾರಿನಲ್ಲಿ ಬೆಳ್ಳಿ ಕಾಲುಂಗುರ ಹಾಕಿದರೆ ವಿಷವಿದ್ದಲ್ಲಿ ಕಪ್ಪಾಗುತ್ತದೆ, ಬೆಳ್ಳುಳ್ಳಿ ಬಣ್ಣ ತಿರುಗುತ್ತದೆ, ಅಕ್ಕಿ ಕೆಂಪಾಗುತ್ತದೆ ಎನ್ನುವುದೆಲ್ಲ ಸುಳ್ಳು. ಅತಿ ಕೆಟ್ಟ ಅಣಬೆಗಳಲ್ಲಿರುವ ಅಮಾಟಾಕ್ಸಿನ್ ಎಂಬ ವಿಷಕ್ಕೆ ಬೆಳ್ಳಿಯ ಗೊಡವೆಯೇ ಇಲ್ಲ. ಹುಳ ತಿಂದ ಅಣಬೆ ಮನುಷ್ಯರಿಗೂ ಆಗುತ್ತದೆ ಎಂಬ ಮಾತೂ ನಿಲ್ಲುವುದಿಲ್ಲ. ಈ ವಿಷವನ್ನು ತಾಳಿಕೊಂಡು ಅದೇ ಅಣಬೆಯಲ್ಲಿ ಮೊಟ್ಟೆಯಿಟ್ಟು ಬೆಳೆಯುವ ನೊಣಗಳೇ ಇವೆ. ಬಿಳಿಯದು ಒಳ್ಳೆಯದು, ಬಣ್ಣದ್ದು ಕೆಟ್ಟದ್ದು ಎನ್ನುವುದು ಎಲ್ಲಕ್ಕಿಂತ ಅಪಾಯದ ಮಾತು, ಏಕೆಂದರೆ ಜೀವ ತೆಗೆಯುವ ಅಣಬೆಗಳಲ್ಲಿ ಹಾಲಿನಂತೆ ಬಿಳಿಯಾದವೂ ಇವೆ.

ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆಯೇ? ಇಲ್ಲ. ಅಮಾಟಾಕ್ಸಿನ್ ಕುದಿಸಿದರೂ, ಹುರಿದರೂ, ಒಣಗಿಸಿದರೂ, ಫ್ರಿಜ್‌ನಲ್ಲಿಟ್ಟರೂ ಹಾಗೇ ಉಳಿಯುತ್ತದೆ. ಹುಣಸೆಹುಳಿ, ಅರಿಶಿನ ಹಾಕುವುದು ರುಚಿಗೆ ಸರಿ, ರಕ್ಷಣೆಗಲ್ಲ. ರುಚಿ ನೋಡಿ ಪತ್ತೆ ಮಾಡುವುದೂ ಆಗದು. ಇಂಥ ಅಣಬೆ ತಿಂದು ಬದುಕಿದವರಲ್ಲಿ ಹಲವರು ಅದು ಬಹಳ ರುಚಿಯಾಗಿತ್ತು ಎಂದೇ ಹೇಳಿದ್ದಾರೆ.

ಒಂದೇ ಒಂದು ಅಣಬೆ ಕಲಿಯಿರಿ

ಹಾಗಾದರೆ ಹೊಸಬರು ಏನು ಮಾಡಬೇಕು? ವಿಷದ ಅಣಬೆಗಳ ಪಟ್ಟಿ ಬಾಯಿಪಾಠ ಮಾಡುವುದರಿಂದ ಉಪಯೋಗವಿಲ್ಲ. ತಿನ್ನುವ ಒಂದು ಅಣಬೆಯನ್ನು ತಲೆಯಿಂದ ಬೇರಿನ ತನಕ ಕಲಿತು, ಉಳಿದದ್ದನ್ನೆಲ್ಲ ಅಲ್ಲೇ ಬಿಟ್ಟು ಬರುವುದೇ ದಾರಿ. ನಮ್ಮ ಕಡೆಗೆ ಆ ಒಂದು ಯಾವುದೆಂದರೆ ಹುತ್ತದ ಅಣಬೆ, ತಮಿಳಿನ ಪುಟ್ರು ಕಾಳಾನ್.

ಇದು ಬೆಳೆಯುವ ಬಗೆಯೇ ಒಂದು ಸೋಜಿಗ. ಹುತ್ತ ಕಟ್ಟುವ ಕೆಲವು ಜಾತಿಯ ಗೆದ್ದಲುಗಳು (ಕರೈಯಾನ್) ಒಣಎಲೆ, ಕಟ್ಟಿಗೆಯ ಚೂರು ತಂದು ಗೂಡಿನ ಒಳಗೆ ಜೇನುಹುಟ್ಟಿನಂಥ ಒಂದು ರಾಶಿ ಕಟ್ಟುತ್ತವೆ. ಅದರ ಮೇಲೆ ಶಿಲೀಂಧ್ರವನ್ನು ಬೆಳೆಸಿ ತಿನ್ನುತ್ತವೆ. ಸುಮಾರು 3 ಕೋಟಿ ವರ್ಷಗಳಿಂದ ಈ ಬೇಸಾಯ ನಡೆದಿದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಮಳೆ ಬಂದಾಗ ಆ ಶಿಲೀಂಧ್ರವೇ ಮಣ್ಣು ಸೀಳಿಕೊಂಡು ಮೇಲೆದ್ದು ಅಣಬೆಯಾಗುತ್ತದೆ. ಫ್ರಾನ್ಸಿನ ರೋಜರ್ ಹೈಮ್ 1942ರಲ್ಲಿ ಈ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟರು. ದಕ್ಷಿಣ ಭಾರತದ ಒಂದು ಜಾತಿಯನ್ನು 1979ರಲ್ಲಿ ವಿವರಿಸಿದ ವಿಜ್ಞಾನಿ ನಟರಾಜನ್ ಅದಕ್ಕೆ ಹೈಮ್ ಅವರ ಹೆಸರನ್ನೇ ಕೊಟ್ಟರು: ಟರ್ಮಿಟೋಮೈಸಿಸ್ ಹೈಮಿ. ಕೊಡಗಿನಲ್ಲಿ ಕುಮ್ಮು ಎಂದು, ತುಳುನಾಡಿನಲ್ಲಿ ಲಾಂಬು ಎಂದು ಮಳೆಗಾಲದಲ್ಲಿ ಹುಡುಕಿ ತರುವ ಅಣಬೆಗಳಲ್ಲಿ ಇದೇ ಕುಲದವು ಮುಖ್ಯ. ಗೆದ್ದಲಿಲ್ಲದೆ ಇದನ್ನು ಶೆಡ್ಡಿನಲ್ಲಿ ಬೆಳೆದು ಮಾರುವುದು ಈವರೆಗೆ ಯಾರಿಗೂ ಸಾಧ್ಯವಾಗಿಲ್ಲ. ಮಳೆಗಾಲದಲ್ಲಿ ರಸ್ತೆ ಬದಿಯಲ್ಲಿ ಇದಕ್ಕೆ ಅಷ್ಟು ಬೆಲೆ ಇರುವುದು ಇದಕ್ಕೇ.

ಗುರುತು ಹೇಗೆ? ಟೋಪಿಯ ನಡುವೆ ಮೊಳಕೆಯಂಥ ಗಟ್ಟಿ ಮೊನೆ ಇರುತ್ತದೆ. ಮಣ್ಣನ್ನು ತಳ್ಳಿಕೊಂಡು ಬರಲು ಅದೇ ಆಯುಧ. ಟೋಪಿ ಅರಳುತ್ತ ಅಂಚು ಅಲ್ಲಲ್ಲಿ ಸೀಳುತ್ತದೆ. ಅಡಿಯ ಪದರಗಳು ಬಿಳಿಯಾಗಿದ್ದು ಬಲಿಯುತ್ತಾ ತುಸು ಗುಲಾಬಿಗೆ ತಿರುಗುತ್ತವೆ. ಆದರೆ ಈ ಯಾವುದೂ ಒಂಟಿಯಾಗಿ ಸಾಕ್ಷಿಯಲ್ಲ. ನಿಜವಾದ ಸಾಕ್ಷಿ ಮಣ್ಣಿನೊಳಗಿದೆ. ಇದರ ಕಾಂಡ ನೆಲಮಟ್ಟದಲ್ಲಿ ಮುಗಿಯುವುದಿಲ್ಲ. ಸಣ್ಣಗಾಗುತ್ತಾ ಬೇರಿನಂತೆ ಕೆಳಗಿಳಿದು ಗೆದ್ದಲಿನ ಗೂಡನ್ನೇ ಮುಟ್ಟುತ್ತದೆ. ಕೆಲವೊಮ್ಮೆ ಒಂದು ಅಡಿಗಿಂತ ಆಳಕ್ಕೂ ಹೋಗುತ್ತದೆ.

ಆದ್ದರಿಂದ ಹೊಸಬರು ಅಣಬೆಯನ್ನು ಕೈಯಿಂದ ಕಿತ್ತುಕೊಳ್ಳಬಾರದು, ಚಾಕುವಿನಿಂದ ನೆಲಮಟ್ಟಕ್ಕೆ ಕೊಯ್ಯಲೂಬಾರದು. ಕಬ್ಬಿಣದ ಸಣ್ಣ ಸರಳಿನಿಂದ ಪಕ್ಕದ ಮಣ್ಣು ಬಿಡಿಸಿ ಬುಡವನ್ನು ಕಣ್ಣಾರೆ ನೋಡಬೇಕು. ಗುಂಪಿನಲ್ಲಿ ಒಂದನ್ನು ನೋಡಿದರೆ ಸಾಲದು, ಬುಟ್ಟಿಗೆ ಹಾಕುವ ಪ್ರತಿಯೊಂದರ ಬುಡವನ್ನೂ ನೋಡಬೇಕು, ಏಕೆಂದರೆ ಬೇರೆ ಜಾತಿಯದು ಪಕ್ಕದಲ್ಲೇ ಎದ್ದಿರಬಹುದು. ಹುತ್ತದ ಮೇಲೆ ಎದ್ದದ್ದೆಲ್ಲ ಹುತ್ತದ ಅಣಬೆಯಲ್ಲ. ಹುತ್ತವನ್ನು ಒಡೆಯಬೇಡಿ, ಗೂಡು ಹಾಳಾದರೆ ಮುಂದಿನ ವರ್ಷದ ಅಣಬೆಯೂ ಹೋಗುತ್ತದೆ. ಬಿಲದೊಳಗೆ ಬೆರಳು ಹಾಕಬೇಡಿ, ಹುತ್ತ ಗೆದ್ದಲಿನದಾದರೂ ವಾಸ ಹಾವಿನದಿರಬಹುದು. ಪೂಜೆ ನಡೆಯುವ ಹುತ್ತವಾದರೆ ಅಲ್ಲಿನ ಪದ್ಧತಿ ಕೇಳಿಯೇ ಮುಟ್ಟಿ.

ಇದೇ ಕುಲದಲ್ಲಿ ಅಕ್ಕಿ ಚೆಲ್ಲಿದಂತೆ ನೂರಾರು ಒಟ್ಟಿಗೆ ಏಳುವ ಪುಟ್ಟ ಅಣಬೆಯೂ ಉಂಟು, ಅರಿಸಿ ಕಾಳಾನ್. ಗೆದ್ದಲು ಹೊರಗೆ ತಂದು ಹಾಕಿದ ಗೂಡಿನ ಚೂರಿನ ಮೇಲೆ ಬೆಳೆಯುವುದರಿಂದ ಇದಕ್ಕೆ ಆ ಉದ್ದನೆಯ ಬೇರು ಇರುವುದಿಲ್ಲ. ರುಚಿಗೆ ಹೆಸರಾದರೂ ಬೇರಿನ ಸಾಕ್ಷಿ ಇಲ್ಲದ ಕಾರಣ ಹೊಸಬರು ಇದನ್ನು ಮೊದಲ ಒಂದೆರಡು ವರ್ಷ ಬಿಟ್ಟುಬಿಡುವುದೇ ವಾಸಿ.

ಬುಡದಲ್ಲಿ ಚೀಲ ಕಂಡರೆ

ಅಗೆದಾಗ ಬೇರಿನ ಬದಲು ಗೆಡ್ಡೆಯಂಥ ಉಬ್ಬು, ಅದರ ಸುತ್ತ ಮೊಟ್ಟೆಯ ಸಿಪ್ಪೆ ಒಡೆದಂಥ ಚೀಲ ಕಂಡರೆ ಮುಟ್ಟದೆ ಬಿಡಿ. ಅಮಾನಿಟಾ ಎಂಬ ಕುಲದ ಹಲವು ಅಣಬೆಗಳ ಗುರುತು ಇದು. ಸಾಮಾನ್ಯವಾಗಿ ಪದರಗಳು ಬಿಳಿ, ಕಾಂಡದ ಮೇಲೆ ಲಂಗದಂಥ ಉಂಗುರ. ಈ ಕುಲದ ಎಲ್ಲವೂ ಕೊಲ್ಲುವುದಿಲ್ಲ, ಆದರೆ ಪ್ರಪಂಚದಲ್ಲಿ ಅಣಬೆಯಿಂದಾಗುವ ಸಾವುಗಳಲ್ಲಿ ಹೆಚ್ಚಿನವು ಇದೇ ಕುಲದಿಂದ. ಇವು ಮರದ ಬೇರಿನ ಜೊತೆ ಬದುಕುವಂಥವು, ಪಶ್ಚಿಮ ಘಟ್ಟದಲ್ಲೂ ಇವೆ. ಪುಸ್ತಕಗಳ ಚಿತ್ರದಲ್ಲಿ ಕಾಣುವ ಕೆಂಪು ಟೋಪಿ, ಬಿಳಿ ಚುಕ್ಕೆಯ ಅಮಾನಿಟಾ ಮಸ್ಕೇರಿಯಾ ಕೊಡೈಕನಾಲ್, ನೀಲಗಿರಿಯಲ್ಲಿ ನೆಟ್ಟ ಪೈನ್ ಮರಗಳಡಿ ಏಳುತ್ತದೆ. ಅದನ್ನು ನೋಡಿದರೇ ಯಾರೂ ತಿನ್ನರು. ಭಯಪಡಬೇಕಾದದ್ದು ಸಾಧುವಾಗಿ ಕಾಣುವ ಬಿಳಿ, ತಿಳಿಹಸಿರು, ಕಂದು ಬಣ್ಣದವುಗಳಿಗೆ.

ಇಲ್ಲೊಂದು ಬಲೆ ಇದೆ. ಭತ್ತದ ಹುಲ್ಲಿನ ಅಣಬೆಗೂ (ವೈಕ್ಕೋಲ್ ಕಾಳಾನ್) ಬುಡದಲ್ಲಿ ಚೀಲ ಇರುತ್ತದೆ. ಅದು ತಿನ್ನುವಂಥದ್ದೇ, ಬೆಳೆಸಿ ಮಾರುವವರೂ ಇದ್ದಾರೆ. ಹೊಲದಲ್ಲಿ ಹುಲ್ಲಿನ ಅಣಬೆ ತಿಂದು ಬೆಳೆದವರು ಬೇರೆ ದೇಶಕ್ಕೆ ಹೋಗಿ ಅದೇ ಎಂದುಕೊಂಡು ಅಮಾನಿಟಾ ಕಿತ್ತು ತಂದ ಪ್ರಕರಣಗಳು ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಆಗಿವೆ. 2012ರ ಜನವರಿಯ ಮೊದಲ ವಾರ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಇಬ್ಬರು ಅಮಾನಿಟಾ ಬೆರೆತ ಊಟ ಮಾಡಿ ತೀರಿಕೊಂಡರು. ಅಡುಗೆ ಮಾಡಿದವನು ವೃತ್ತಿಯಿಂದಲೇ ಅಡುಗೆಯವನು. ಹೀಗಾಗಿ ಚೀಲ ಇರುವ ಯಾವುದನ್ನೂ, ಹುಲ್ಲಿನ ಅಣಬೆ ಎಂದೇ ಅನಿಸಿದರೂ, ಹೊಸಬರು ತರಬಾರದು. ಇನ್ನೂ ಅರಳದ, ಮೊಟ್ಟೆಯಂತಿರುವ ಮೊಗ್ಗುಗಳೂ ಬೇಡ.

ನಮ್ಮ ತೋಪುಗಳಲ್ಲಿ, ಕೊಟ್ಟಿಗೆಯ ಹಿಂದೆ, ಶಾಲೆಯ ಮೈದಾನದ ಹುಲ್ಲಿನಲ್ಲಿ ಕಾಣಬಹುದಾದ ಇನ್ನೊಂದು ಉಂಟು. ಅಂಗೈಗಿಂತ ದೊಡ್ಡ ಬಿಳಿ ಟೋಪಿ, ಮೇಲೆ ಕಂದು ಚಕ್ಕೆ, ಕಾಂಡದಲ್ಲಿ ಉಂಗುರ. ಎಳೆಯದರಲ್ಲಿ ಪದರ ಬಿಳಿಯಾಗಿಯೇ ಇದ್ದು ಬಲಿತ ಮೇಲೆ ಹಸಿರಾಗುತ್ತದೆ. ಕ್ಲೋರೋಫಿಲ್ಲಂ ಮಾಲಿಬ್ಡೈಟಿಸ್ ಎಂದು ಇದರ ಹೆಸರು. ಜೀವ ತೆಗೆಯುವುದು ಅಪರೂಪ, ಆದರೆ ತಿಂದ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಭೇದಿಯಿಂದ ಮನುಷ್ಯನನ್ನು ಹಿಂಡಿಬಿಡುತ್ತದೆ. ಟೋಪಿಯನ್ನು ಬಿಳಿ ಕಾಗದದ ಮೇಲೆ ಮಗುಚಿಡದೆ ಹಾಗೇ ಇಟ್ಟು, ಮೇಲೆ ಒಂದು ಪಾತ್ರೆ ಮುಚ್ಚಿ ರಾತ್ರಿ ಬಿಟ್ಟರೆ ಬೀಜಕಣ ಉದುರಿ ಹಸಿರು ಅಚ್ಚು ಮೂಡುತ್ತದೆ. ಹಸಿರು ಅಚ್ಚು ಬಂದರೆ ಎಸೆಯಿರಿ. ಹಸಿರು ಬರಲಿಲ್ಲ ಎಂಬ ಕಾರಣಕ್ಕೆ ತಿನ್ನಲು ಹೋಗಬೇಡಿ, ಅಮಾನಿಟಾದ ಅಚ್ಚು ಬಿಳಿ.

ಸಗಣಿ, ಕಸದ ತಿಪ್ಪೆಯ ಬಳಿ ಎದ್ದು ಸಂಜೆಯೊಳಗೆ ಕಪ್ಪು ಮಸಿಯಾಗಿ ಕರಗುವ ಅಣಬೆಗಳ ಪೈಕಿ ಒಂದು ಜಾತಿ ಸಾರಾಯಿಯ ಜೊತೆ ಸೇರಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು ವಾಂತಿಯಾಗುತ್ತದೆ. ಬಿಟ್ಟು ಎರಡು ಮೂರು ದಿನದ ಮೇಲೆ ಕುಡಿದರೂ ಆಗಬಹುದು. ಯಾರಿಗೆ ಹೇಳಬೇಕೋ ಅವರಿಗೆ ಹೇಳಿ.

ಎಲ್ಲಿ ಕೀಳಬಹುದು

ಆನೈಮಲೈ 1976ರಿಂದ ಅಭಯಾರಣ್ಯ, 2007ರಿಂದ ಹುಲಿ ಮೀಸಲು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದರೊಳಗಿಂದ ಅನುಮತಿಯಿಲ್ಲದೆ ಅರಣ್ಯ ಉತ್ಪನ್ನ ತರುವುದು ಅಪರಾಧ. ಕಾಡರು, ಮಲಸರು, ಮುದುವರು, ಪುಲಯರು ಮೊದಲಾದ ಅಲ್ಲಿನ ಬುಡಕಟ್ಟಿನವರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಿರು ಉತ್ಪನ್ನದ ಹಕ್ಕಿದೆ. ಅದು ಅವರ ಹಕ್ಕು, ಟಾಪ್‌ಸ್ಲಿಪ್‌ಗೆ ಪ್ರವಾಸ ಬಂದವರದಲ್ಲ. ವಾಲ್ಪಾರೈಯಲ್ಲಿ ಚಹಾ ತೋಟದ ನಡುವಿನ ಶೋಲಾ ಕಾಡಿನ ಅಂಚಿಗೆ ನಸುಕಿನಲ್ಲಿ ಹೋಗುವುದು ಅಣಬೆಗಿಂತ ಮೊದಲು ಆನೆ, ಚಿರತೆಯ ಪ್ರಶ್ನೆ.

ಉಳಿದದ್ದು ಸ್ವಂತ ಹೊಲ, ಕೇಳಿಕೊಂಡು ಹೋಗಬಹುದಾದ ಪಕ್ಕದವರ ತೋಪು. ಅಲ್ಲೂ ಮೊನ್ನೆ ಕಳೆನಾಶಕ ಹೊಡೆದಿದ್ದಾರೆಯೇ, ತೆಂಗಿನ ಬುಡಕ್ಕೆ ಔಷಧಿ ಹಾಕಿದ್ದಾರೆಯೇ ಎಂದು ಕೇಳಿ. ನೆಲದಲ್ಲಿರುವುದನ್ನು ಅಣಬೆ ಹೀರಿಕೊಳ್ಳುತ್ತದೆ. ಹೆದ್ದಾರಿ ಬದಿ, ಕಾರ್ಖಾನೆ ನೀರು ಹರಿಯುವ ಕಡೆ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಅಣಬೆ ಬೆವರಿ ಕೊಳೆಯುತ್ತದೆ, ಬಿದಿರ ಬುಟ್ಟಿಯೇ ಒಳ್ಳೆಯದು. ತಂದ ದಿನವೇ ಬೇಯಿಸಿ, ಹಸಿಯಾಗಿ ತಿನ್ನಬೇಡಿ. ಬಲ್ಲವರೊಬ್ಬರು ಕೈಯಲ್ಲಿ ಹಿಡಿದು ನೋಡಿ ಹೌದು ಎಂದ ಮೇಲೂ ಮೊದಲ ಸಲ ನಾಲ್ಕು ತುತ್ತು ಸಾಕು. ಮಕ್ಕಳಿಗೆ, ಬಸುರಿಯರಿಗೆ ಆ ಮೊದಲ ಸಲ ಬೇಡ. ಒಂದು ಇಡೀ ಅಣಬೆಯನ್ನು ಕಾಗದದಲ್ಲಿ ಸುತ್ತಿ ಎರಡು ದಿನ ತೆಗೆದಿಡಿ. ಫೋಟೋ ನೋಡಿ ಹೆಸರು ಹೇಳುವ ಮೊಬೈಲ್ ಆ್ಯಪ್‌ಗಳಿಗೆ ಮಣ್ಣಿನೊಳಗಿನ ಬುಡ ಕಾಣುವುದಿಲ್ಲ.

ಇಷ್ಟೆಲ್ಲ ರಗಳೆ ಏಕೆ, ಅಣಬೆ ತಿಂದರೆ ಸಾಕು ಎನ್ನುವವರಿಗೆ ಕೊಯಮತ್ತೂರು ಹತ್ತಿರದಲ್ಲೇ ಇದೆ. ಹಾಲು ಅಣಬೆಯ (ಪಾಲ್ ಕಾಳಾನ್) ಎಪಿಕೆ-2 ತಳಿಯನ್ನು 1998ರಲ್ಲಿ ಹೊರತಂದದ್ದು ಅಲ್ಲಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವೇ. ನಮ್ಮ ಬಿಸಿಲಿಗೂ ಒಗ್ಗುವ ತಳಿ ಅದು.

ತಿಂದ ಮೇಲೆ ಹೊಟ್ಟೆ ಕೆಟ್ಟರೆ

ಗಂಟೆ ನೋಡಿಕೊಳ್ಳಿ. ಬೇಗ ಬರುವ ವಾಂತಿಗಿಂತ ತಡವಾಗಿ ಬರುವ ವಾಂತಿ ಕೆಟ್ಟದ್ದು. ಅಮಾಟಾಕ್ಸಿನ್ ಆದರೆ ಮೊದಲ ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಒಂದು ಇಡೀ ದಿನ ಏನೂ ಆಗುವುದಿಲ್ಲ. ರಾತ್ರಿ ಉಂಡವರಿಗೆ ಬೆಳಗ್ಗೆ ಶುರುವಾಗುತ್ತದೆ, ಅಷ್ಟರಲ್ಲಿ ಅಣಬೆಯ ನೆನಪೇ ಇರುವುದಿಲ್ಲ. ಒಂದು ದಿನ ವಾಂತಿ, ನೀರಿನಂಥ ಭೇದಿ. ಆಮೇಲೆ ನಿಂತುಹೋಗುತ್ತದೆ. ವಾಸಿಯಾಯಿತೆಂದು ಮನೆಯವರು ಗಂಜಿ ಕುಡಿಸಿ ಮಲಗಿಸುವುದು ಈ ಹೊತ್ತಿನಲ್ಲೇ. ಒಳಗೆ ಯಕೃತ್ತು ಸಾಯುತ್ತಿರುತ್ತದೆ. ಮೂರನೇ, ನಾಲ್ಕನೇ ದಿನ ಕಣ್ಣು ಹಳದಿಯಾಗುತ್ತದೆ, ಮಾತು ತಪ್ಪುತ್ತದೆ. ಆಗ ಯಕೃತ್ತಿನ ಕಸಿಯ ಮಾತು ಬರುತ್ತದೆ, ಅದು ಎಷ್ಟು ಜನರಿಗೆ ಎಟಕುವಂಥದ್ದು?

ಹಾಗಾಗಿ ಅಣಬೆ ತಿಂದವರಿಗೆ ಹೊಟ್ಟೆ ಕೆಟ್ಟರೆ, ಅದು ತಾನಾಗಿ ನಿಂತರೂ, ಕಾಯದೆ 108ಕ್ಕೆ ಕರೆ ಮಾಡಿ ಸರ್ಕಾರಿ ಆಸ್ಪತ್ರೆಗೆ ಹೋಗಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಮಜ್ಜಿಗೆ, ನಾಟಿ ಮದ್ದು ಎಂದು ಹೊತ್ತು ಕಳೆಯಬೇಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ವೈದ್ಯರೂ ಅಲ್ಲಿ ಕೇಳಬಹುದು. ವೈದ್ಯರಿಗೆ ಎರಡು ಸಂಗತಿ ತಮಿಳಿನಲ್ಲೇ ಸ್ಪಷ್ಟವಾಗಿ ಹೇಳಿ: ಕಾಟು ಕಾಳಾನ್ ತಿಂದದ್ದು, ಮತ್ತು ಎಷ್ಟು ಗಂಟೆಗೆ ತಿಂದದ್ದು. ಬರೀ ವಾಂತಿಭೇದಿ ಎಂದರೆ ಒಂದು ಬಾಟಲಿ ಗ್ಲೂಕೋಸ್ ಹಾಕಿ ಕಳಿಸಿಬಿಡುವ ಸಂಭವವಿದೆ. ತೆಗೆದಿಟ್ಟ ಅಣಬೆ, ಉಳಿದ ಸಾರು, ಅಡುಗೆಮನೆಯ ಕಸದಲ್ಲಿರುವ ಬುಡದ ತುಂಡುಗಳು, ಸಿಕ್ಕಿದ್ದನ್ನೆಲ್ಲ ಜೊತೆಗೆ ಒಯ್ಯಿರಿ. ಅದೇ ಸಾರು ಉಂಡ ಉಳಿದವರನ್ನೂ, ಅವರಿಗೆ ಏನೂ ಆಗಿಲ್ಲದಿದ್ದರೂ, ಅದೇ ಗಾಡಿಯಲ್ಲಿ ಕರೆದುಕೊಂಡು ಹೋಗಿ.