ಹಿಂಡ್‌ಹೆಡ್‌ನ ಬಯಲು: ಒಂದು ಸುತ್ತುದಾರಿಯ ಇತಿಹಾಸ



ಲಂಡನ್ನಿನಿಂದ ಪೋರ್ಟ್ಸ್‌ಮತ್ ಬಂದರಿಗೆ ಹೋಗುವ ಹೆದ್ದಾರಿಯಲ್ಲಿ ನೈಋತ್ಯಕ್ಕೆ ಸುಮಾರು 40 ಮೈಲಿ ಸಾಗಿದರೆ ಸರ್ರಿ ಪ್ರಾಂತದ ಹಿಂಡ್‌ಹೆಡ್ ಎಂಬ ಊರು ಸಿಗುತ್ತದೆ. ಊರಿನ ಅಂಚಿನಲ್ಲೇ ‘ಡೆವಿಲ್ಸ್ ಪಂಚ್ ಬೌಲ್’, ಅಂದರೆ ಸೈತಾನನ ಪಾನಪಾತ್ರೆ ಎಂಬ ಹೆಸರಿನ ಬಟ್ಟಲಿನಾಕಾರದ ಕಣಿವೆಯಿದೆ. ಕಣಿವೆಯ ಕಾಡಿಗಿಳಿದು, ಗಿಬೆಟ್ ಹಿಲ್ ಎಂಬ ಗುಡ್ಡವನ್ನೇರಿ, ಹಳೆಯ ಸಾರೋಟಿನ ದಾರಿಯಲ್ಲಿ ಹೊರಟ ಜಾಗಕ್ಕೇ ಮರಳಬಹುದು. ಮಕ್ಕಳೂ ಹಿರಿಯರೂ ಒಂದಿಷ್ಟು ಏದುಸಿರಿನೊಡನೆ ನಡೆಯಬಲ್ಲ ಸುತ್ತು ಇದು. ಈ ದಾರಿ ನಮಗೆ ಹೇಗೆ ದಕ್ಕಿತು ಎಂಬುದೇ ಇಂದಿನ ನನ್ನ ವಿಷಯ.

ಮೊದಲು ಕಣಿವೆಯ ಮಾತು. ಸೈತಾನನು ಥಾರ್ ದೇವತೆಯತ್ತ ಹಿಡಿ ಮಣ್ಣನ್ನು ಕಿತ್ತೆಸೆದುದರಿಂದ ಈ ಕುಳಿ ಉಂಟಾಯಿತೆಂದು ಜನಪದ ಕಥೆ ಹೇಳುತ್ತದೆ. ಭೂವಿಜ್ಞಾನದ ವಿವರಣೆಯೂ ಅಷ್ಟೇ ಸೊಗಸಾಗಿದೆ. ಮೇಲಿನ ಮರಳುಗಲ್ಲು ಮಳೆಯ ನೀರನ್ನು ಹೀರಿಕೊಳ್ಳುತ್ತದೆ. ಕೆಳಗಿನ ಜೇಡಿಪದರ ಅದನ್ನು ತಡೆಯುತ್ತದೆ. ಎರಡೂ ಸಂಧಿಸುವೆಡೆ ಹೊಮ್ಮುವ ಒರತೆಗಳು ಬುಡವನ್ನು ಕೊರೆದು, ಮೇಲಿನ ಮರಳು ಕುಸಿಯುತ್ತಾ ಸಹಸ್ರಾರು ವರ್ಷಗಳಲ್ಲಿ ಬಟ್ಟಲು ಹಿರಿದಾಯಿತು.

ಕಾಡನ್ನು ದಾಟಿ ಮೇಲೇರಿದರೆ ಹೀತ್ ಬಯಲು. ಆಗಸ್ಟ್ ತಿಂಗಳಲ್ಲಿ ಹೆದರ್ ಗಿಡಗಳು ಹೂತು ಇಡೀ ಗುಡ್ಡ ನೇರಳೆಯಾಗುತ್ತದೆ. ಇದನ್ನು ಕಂಡವರು ಪ್ರಕೃತಿಯ ಸಹಜ ಸೃಷ್ಟಿಯೆಂದೇ ಭಾವಿಸುವರು. ವಾಸ್ತವವಾಗಿ ಇದು ಮನುಷ್ಯನ ದುಡಿಮೆಯ ಫಲ. ಪ್ರಾಚೀನ ಕಾಲದಲ್ಲಿ ಕಾಡನ್ನು ಕಡಿದ ಬಳಿಕ ಸತ್ತ್ವಗುಂದಿದ ಮರಳುನೆಲದಲ್ಲಿ ಹೆದರ್ ಬೇರೂರಿತು. ಹಳ್ಳಿಯ ಬಡವರು ಇಲ್ಲಿ ದನ ಮೇಯಿಸಿದರು, ಉರುವಲಿಗೆ ಮುಳ್ಳುಪೊದೆಯನ್ನೂ ಹೆಂಟೆಯನ್ನೂ ಕತ್ತರಿಸಿದರು. ಕಣಿವೆಯಲ್ಲಿ ನೆಲೆಸಿದ್ದ ‘ಬ್ರೂಮ್ ಸ್ಕ್ವೈರ್’ ಎಂಬ ಪೊರಕೆಗಾರರು ಬರ್ಚ್ ಮತ್ತು ಹೆದರ್ ಕಡ್ಡಿಗಳಿಂದ ಪೊರಕೆ ಕಟ್ಟಿ ಮಾರಿದರು. ಈ ನಿತ್ಯದ ಬಳಕೆಯೇ ಮರಗಳು ಮತ್ತೆ ಆವರಿಸದಂತೆ ತಡೆಯಿತು. ಆ ಕಸುಬುಗಳು ಅಳಿದಂತೆ ಬರ್ಚ್, ಪೈನ್ ಮರಗಳು ಬಯಲನ್ನು ನುಂಗತೊಡಗಿದವು. 1800ರಿಂದೀಚೆಗೆ ಇಂಗ್ಲೆಂಡಿನ ತಗ್ಗುನಾಡಿನ ಹೀತ್ ಬಯಲಿನ ಬಹುಪಾಲು ಕಣ್ಮರೆಯಾಗಿದೆ. ನೆಲದ ಮೇಲೆಯೇ ಮೊಟ್ಟೆಯಿಡುವ ನೈಟ್‌ಜಾರ್ ಹಕ್ಕಿಗೆ ಇಂಥ ಬಯಲೇ ಆಸರೆ. ಅದಕ್ಕಾಗಿ ಇಂದು ಇಲ್ಲಿ ಎಳೆಯ ಮರಗಳನ್ನು ಕಡಿಯುತ್ತಾರೆ, ದನಗಳನ್ನೂ ಕುದುರೆಮರಿಗಳಂತೆ ಕಾಣುವ ಪೋನಿಗಳನ್ನೂ ಮೇಯಿಸುತ್ತಾರೆ.

ಗಿಬೆಟ್ ಹಿಲ್ 272 ಮೀಟರ್ ಎತ್ತರದ್ದು. ‘ಗಿಬೆಟ್’ ಎಂದರೆ ಹೆಣವನ್ನು ತೂಗುಹಾಕುವ ಕಂಬ. 1786ರ ಸೆಪ್ಟೆಂಬರಿನಲ್ಲಿ ಪೋರ್ಟ್ಸ್‌ಮತ್ತಿನತ್ತ ನಡೆದು ಹೋಗುತ್ತಿದ್ದ ನಾವಿಕನೊಬ್ಬನನ್ನು ದಾರಿಯಲ್ಲಿ ಜೊತೆಯಾದ ಮೂವರು ಕೊಂದು ದೋಚಿದರು. ಅವರಿಗೆ ಅವನು ಪಾನೀಯ ಕೊಡಿಸಿದ್ದನೆಂದು ಹೇಳುತ್ತಾರೆ. ಮರುವರ್ಷ ಅವರನ್ನು ಗಲ್ಲಿಗೇರಿಸಿ, ದಾರಿಹೋಕರಿಗೆ ಎಚ್ಚರಿಕೆಯಾಗಲೆಂದು ಹೆಣಗಳನ್ನು ಇಲ್ಲಿಯೇ ತೂಗುಹಾಕಲಾಯಿತು. ಕೊಂದವರ ಹೆಸರುಗಳು ದಾಖಲಾಗಿವೆ; ಸತ್ತವನು ಥರ್ಸ್ಲಿ ಚರ್ಚಿನ ಅಂಗಳದಲ್ಲಿ ಹೆಸರಿಲ್ಲದೆ ಮಲಗಿದ್ದಾನೆ. ಅವನ ನೆನಪಿಗೆ ನೆಟ್ಟ ಕಲ್ಲು ಸಾರೋಟಿನ ದಾರಿಯ ಪಕ್ಕದಲ್ಲಿದೆ. ಅದರ ಹಿಂಬದಿಯಲ್ಲಿ, ಈ ಕಲ್ಲಿಗೆ ಹಾನಿ ಮಾಡಿದವನೂ ಇದನ್ನು ಕಿತ್ತವನೂ ಶಾಪಗ್ರಸ್ತನಾಗಲೆಂಬ ಬರಹವಿದೆ. ದತ್ತಿಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋಹತ್ಯೆ ಮಾಡಿದ ಪಾಪ ತಗಲುವುದೆಂದು ಮುಗಿಯುವ ನಮ್ಮ ಶಾಸನಗಳು ಕನ್ನಡಿಗರಿಗೆ ಅಲ್ಲಿ ನೆನಪಾಗದೆ ಇರವು. ಸಾವಿರಾರು ಮೈಲಿಗಳ ಅಂತರವಿದ್ದರೂ ಕಲ್ಲನ್ನು ಕಾಯಲು ಮನುಷ್ಯ ನಂಬಿದ ಕಾವಲುಗಾರ ಒಂದೇ.

ಆದರೆ ಬಯಲನ್ನು ಕಾಯಲು ಶಾಪ ಸಾಲದು. ಇಂಗ್ಲೆಂಡಿನ ‘ಕಾಮನ್’ ನಮ್ಮ ಗೋಮಾಳವನ್ನು ಹೋಲುತ್ತದಾದರೂ ಒಂದು ಭೇದವಿದೆ. ಗೋಮಾಳ ಸರ್ಕಾರಿ ಭೂಮಿ. ಕಾಮನ್‌ಗಾದರೋ ಸಾಮಾನ್ಯವಾಗಿ ಒಬ್ಬ ಒಡೆಯನಿದ್ದು, ಮೇವು-ಸೌದೆಯ ಹಕ್ಕು ಮಾತ್ರ ಊರವರದು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಒಡೆಯರು ಬೇಲಿ ಹಾಕಿ ಇಂಥ ಭೂಮಿಯನ್ನು ವಿಪುಲವಾಗಿ ಸ್ವಂತ ಮಾಡಿಕೊಂಡರು. ಇದನ್ನು ತಡೆಯಲು 1865ರಲ್ಲಿ ಕಾಮನ್ಸ್ ಪ್ರಿಸರ್ವೇಶನ್ ಸೊಸೈಟಿ ಹುಟ್ಟಿತು. ಅದರ ವಕೀಲರಾಗಿದ್ದ ರಾಬರ್ಟ್ ಹಂಟರ್ ಮುಂದೆ ಹಿಂಡ್‌ಹೆಡ್ ಸಮೀಪದ ಹ್ಯಾಸಲ್‌ಮಿಯರ್‌ನಲ್ಲಿ ನೆಲೆಸಿ, 1895ರಲ್ಲಿ ಆಕ್ಟೇವಿಯ ಹಿಲ್ ಮತ್ತು ಹಾರ್ಡ್‌ವಿಕ್ ರಾನ್ಸ್ಲಿ ಅವರೊಡನೆ ನ್ಯಾಷನಲ್ ಟ್ರಸ್ಟನ್ನು ಸ್ಥಾಪಿಸಿದರು.

ಆಗ ಹಿಂಡ್‌ಹೆಡ್ ಬಯಲಿನ ಒಡೆಯನಾಗಿದ್ದವನು ವಿಟೇಕರ್ ರೈಟ್ ಎಂಬ ಹಣಕಾಸು ವ್ಯಾಪಾರಿ. ಅವನ ಕಂಪನಿಗಳು 1900ರ ಕೊನೆಯಲ್ಲಿ ಕುಸಿದು ಅಸಂಖ್ಯ ಹೂಡಿಕೆದಾರರು ಹಾಳಾದರು. 1904ರ ಜನವರಿಯಲ್ಲಿ ವಂಚನೆಗಾಗಿ ಏಳು ವರ್ಷಗಳ ಶಿಕ್ಷೆ ವಿಧಿಸಿದ ದಿನವೇ ಅವನು ನ್ಯಾಯಾಲಯದ ಕಟ್ಟಡದಲ್ಲಿ ವಿಷ ಸೇವಿಸಿ ಸತ್ತನು. ಮರುವರ್ಷ ಆಸ್ತಿ ಹರಾಜಿಗೆ ಬಂದಿತು. ಕೊಳ್ಳುವವನು ಮನೆಗಳನ್ನು ಕಟ್ಟಿದ್ದರೆ ಇಂದು ನಮಗೆ ಈ ದಾರಿಯಿಲ್ಲ. ಹಂಟರರ ನೇತೃತ್ವದಲ್ಲಿ ಸ್ಥಳೀಯರು ಹಣ ಕೂಡಿಸಿ ಬಯಲನ್ನು ಕೊಂಡು, 1906ರಲ್ಲಿ ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು.

ಕೊನೆಯ ಅಧ್ಯಾಯ ನಮ್ಮ ಕಾಲದ್ದು. ಹತ್ತೊಂಬತ್ತನೆಯ ಶತಮಾನದ ರಸ್ತೆಯೇ ಮುಂದೆ ಏ-3 ಹೆದ್ದಾರಿಯಾಗಿ, ವಾಹನಗಳ ಗದ್ದಲದಿಂದ ಬಯಲನ್ನು ಇಬ್ಭಾಗ ಮಾಡಿತ್ತು. 2011ರಲ್ಲಿ ಸುಮಾರು 1.8 ಕಿಲೋಮೀಟರ್ ಉದ್ದದ ಸುರಂಗ ತೆರೆದು ಹೆದ್ದಾರಿ ನೆಲದಡಿಗೆ ಹೋಯಿತು. ಕಣಿವೆಯಂಚಿನ ಡಾಂಬರನ್ನು ಅಗೆದು ತೆಗೆದು ಅಲ್ಲಿ ಮತ್ತೆ ಹೆದರ್ ಬೆಳೆಸಿದರು. ಲಾರಿಗಳು ಮೊರೆಯುತ್ತಿದ್ದಲ್ಲಿ ಈಗ ಹಕ್ಕಿಯ ದನಿ ಕೇಳುತ್ತದೆ.

ಬಂಧುಗಳೇ, ಈ ನಾಡಿನ ಗ್ರಾಮಾಂತರ ಪ್ರದೇಶ ಪರರ ಸ್ವತ್ತು, ನಮಗಲ್ಲಿ ಕೆಲಸವಿಲ್ಲವೆಂಬ ಸಂಕೋಚ ನಮ್ಮಲ್ಲಿ ಅನೇಕರಿಗಿದೆ. ಹಿಂಡ್‌ಹೆಡ್‌ನ ಚರಿತ್ರೆ ಬೇರೆ ಮಾತನ್ನು ಹೇಳುತ್ತದೆ. ಅಂದು ಹಣ ಕೂಡಿಸಿದವರು ತಮ್ಮ ಮಕ್ಕಳಿಗೆಂದಷ್ಟೇ ಅದನ್ನು ಕೊಳ್ಳಲಿಲ್ಲ, ಸಾರ್ವಜನಿಕರೆಲ್ಲರಿಗಾಗಿ ಬಿಟ್ಟುಕೊಟ್ಟರು. ಆ ‘ಸಾರ್ವಜನಿಕರು’ ಎಂಬ ಮಾತಿನೊಳಗೆ ಇಂದು ನಾವೂ ಇದ್ದೇವೆ. ಬಳಸದಿದ್ದರೆ ಬಯಲಿನಂತೆ ಹಕ್ಕೂ ಪೊದೆಗಟ್ಟುತ್ತದೆ. ಈ ಬೇಸಗೆಯಲ್ಲಿ ಬುತ್ತಿ ಕಟ್ಟಿಕೊಂಡು, ಗಟ್ಟಿ ಪಾದರಕ್ಷೆ ಧರಿಸಿ, ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿಬನ್ನಿ ಎಂದು ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.